ನಲವತ್ತರ ಗೀರು

ಅತ್ತೆ ಗ್ಯಾರೇಜಿನ ಸ್ಟೂಲಿನ ಮೇಲೆ ಕಾರಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದರು.

"ಅಳಿಯಂದ್ರೇ, ಇವತ್ತು ಇತ್ಯರ್ಥ ಆಗ್ಲಿ. ಗಾಡಿ ಮುಗ್ಗರಿಸೋದು ಗಾಡಿ ತಪ್ಪೋ, ಈ ನಿಮ್ಮ ಮಾವನ ಕಾಲಿನ ತಪ್ಪೋ? ಕಾಲಿನದಾದ್ರೆ ಈ ಕೀಲಿ ಇನ್ನು ಇವರ ಕೈಗಿಲ್ಲ."

ಮೆಕ್ಯಾನಿಕ್ ಅಳಿಯನಿಗೆ ತಲೆ ಕೆಟ್ಟಿತು. ಎಂಜಿನ್ನಿನ ರೋಗವನ್ನಾದರೂ ಹೇಳಬಹುದು. ಅತ್ತೆ ಮಾವನ ನಡುವೆ ನ್ಯಾಯ ಹೇಳಿದವನು ಎರಡೂ ಕಡೆ ಉಗಿಸಿಕೊಳ್ಳುತ್ತಾನೆ.

"ಸ್ಪೀಡು ನಲವತ್ತಕ್ಕೆ ಬಂದ್ರೆ ಸಾಕು, ಬಿಕ್ಕಳಿಸುತ್ತಪ್ಪಾ," ಮಾವ ಗೋಳಾಡಿದರು. "ಇಪ್ಪತ್ತು ವರ್ಷದಿಂದ ನಲವತ್ತು ದಾಟಿದವನಲ್ಲ ನಾನು!"

"ನಾನು ಓಡಿಸಿದಾಗ ಒಂದು ದಿನವೂ ಬಿಕ್ಕಳಿಸಿಲ್ಲ," ಅತ್ತೆ ಅಂದರು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಮೆಕ್ಯಾನಿಕ್ ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಸೆನ್ಸರಿಗೆ ಕೈ ಹಾಕಿದ. ಹಳೇ ಕಾಲದ್ದು. ಗಾಳಿ ನುಗ್ಗಿದಷ್ಟೂ ಒಳಗಿನ ತಗಡಿನ ಬಾಗಿಲು ತೆರೆಯಬೇಕು. ಜೊತೆಗೆ ಒಂದು ಲೋಹದ ಬೆರಳು ಕಪ್ಪು ಪಟ್ಟಿಯ ಮೇಲೆ ಸವರುತ್ತಾ ಹೋಗಿ, ಇಷ್ಟು ಗಾಳಿ ಬಂತೆಂದು ಗಾಡಿಯ ಕಂಪ್ಯೂಟರಿಗೆ ಚಾಡಿ ಹೇಳಬೇಕು.

"ಕೀಲಿ ಕೊಡಿ ಅತ್ತೆ, ಆನ್ ಮಾಡಬೇಕು."

"ನಾನೇ ತಿರುಗಿಸ್ತೀನಿ!"

ತಿರುಗಿಸಿದರು. ಅವನು ಮೀಟರಿನ ತಂತಿ ಹಚ್ಚಿ ತಗಡಿನ ಬಾಗಿಲನ್ನು ಮೆಲ್ಲಗೆ ತಳ್ಳಿದ. ಮುಳ್ಳು ಏರಿತು, ಏರಿತು, ನಡುವೆ ದೊಪ್ಪನೆ ಬಿತ್ತು. ಮತ್ತೆ ಏರಿ, ಕೊನೆಯಲ್ಲಿ ಒಮ್ಮೆ ನಡುಗಿತು. ಮುಚ್ಚಳ ಕಿತ್ತು ನೋಡಿದರೆ ಪಟ್ಟಿಯ ಮೇಲೆ ಆಳವಾದ ಗೀರು.

"ಇದು ನಲವತ್ತರ ಜಾಗ. ಇಪ್ಪತ್ತು ವರ್ಷ ಒಂದೇ ಕಡೆ ಉಜ್ಜಿದ್ರೆ ಬಂಡೆಯೂ ಸವೆಯುತ್ತೆ. ಗಾಡಿದೇ ತಪ್ಪು!"

ಮಾವ ಕುಣಿದೇಬಿಟ್ಟರು. "ನೋಡಿದ್ಯೇನೇ? ಕೊಡು ಕೀಲಿ!" ಆಮೇಲೆ ಬಗ್ಗಿ ನೋಡಿದರು. "ಆ ತುದೀಲಿ ಹೊಳೀತಿರೋದು ಏನು?"

"ಅದಾ? ಪೆಡಲ್ ನೆಲಕ್ಕೆ ಒತ್ತಿದವರ ಜಾಗ. ಪೂರ್ತಿ ಸವೆದಿಲ್ಲ, ಸವೆಯೋಕೆ ರೆಡಿ."

"ನಾನಂತೂ ಅಲ್ಲ."

ಇಬ್ಬರೂ ಅತ್ತೆಯತ್ತ ತಿರುಗಿದರು. ಅತ್ತೆ ಸೂರು ನೋಡಿದರು.

"ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋವಾಗ... ಅವಳೇ 'ಇನ್ನೂ ಜೋರಾಗಿ ಅಜ್ಜಿ' ಅಂತಾಳೆ."

"ನನ್ನ ಮಗಳನ್ನಾ!" ಮೆಕ್ಯಾನಿಕ್ಕನ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

ಹಲ್ಲು ಕಚ್ಚಿಕೊಂಡೇ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಲೋಹದ ಬೆರಳಿಗೆ ಹೊಸ ದಾರಿ ಕೊಟ್ಟು ಬಿಗಿದ. ಮುಳ್ಳು ಈಗ ಎಲ್ಲೂ ತಡವರಿಸದೆ ಏರಿತು. ಕೀಲಿಯನ್ನು ಅತ್ತೆಯ ಮುಷ್ಟಿ ಬಿಡಿಸಿ ಮಾವನ ಕೈಗಿಟ್ಟ.

"ಅಳಿಯಂದ್ರೇ," ಅತ್ತೆ ಪಿಸುಗುಟ್ಟಿದರು, "ತುದೀಲೂ ಹೊಸ ಜಾಗ ಸಿಕ್ತಾ?"

ಅವನು ಅವರನ್ನು ಎಡಸೀಟಿಗೆ ಹತ್ತಿಸಿ ಬಾಗಿಲು ಹಾಕಿದ. ಕಾರು ನಲವತ್ತರಲ್ಲಿ, ಒಂದು ಸಲವೂ ಬಿಕ್ಕಳಿಸದೆ, ಆನೆಯ ಗತ್ತಿನಲ್ಲಿ ಹೊರಟಿತು. ಅತ್ತೆಯ ಬಲಗಾಲು ಮಾತ್ರ ಅಲ್ಲಿಲ್ಲದ ಪೆಡಲನ್ನು ಒತ್ತುತ್ತಲೇ ಇತ್ತು.