ಮಗಳ ಪಾಳಿ

ಕೋಪ ಬಂದರೆ ಅವಳಿಗೆ ಮೊದಲು ಕಿವಿ ಬಿಸಿಯಾಗುತ್ತಿತ್ತು. ಆ ಬೆಳಗ್ಗೆ ವಾರ್ಡಿನ ಬಾಗಿಲಲ್ಲೇ ದೊಡ್ಡ ಸಿಸ್ಟರ್ ನಗುನಗುತ್ತಾ ಎದುರಾಗಿ, "ಅಕ್ಕ, ಇವತ್ತಿಂದ ಆ ಕಡೆ ಸಾಲಿನ ಹಾಸಿಗೆಗಳೂ ನಿಮ್ಮದೇ. ಅವರ ಮನೆಯವರೂ ಬರೋದು ಬಿಟ್ಟಿದಾರೆ. ಹೇಗೂ ನೀವಿದ್ದೀರಲ್ಲ," ಎಂದಾಗ ಎರಡೂ ಕಿವಿ ಕೆಂಡವಾದವು.

ನೀವಿದ್ದೀರಲ್ಲ. ಈ ಒಂದು ಮಾತಿನಿಂದ ತಪ್ಪಿಸಿಕೊಳ್ಳಲೆಂದೇ ಅವಳು ಸಮುದ್ರ ದಾಟಿ ಬಂದಿದ್ದಳು. ಊರಿನಲ್ಲಿ ಆಸ್ಪತ್ರೆಯ ನರ್ಸು. ಡ್ಯೂಟಿ ಮುಗಿಸಿ ಮನೆಗೆ ಬಂದರೆ ಹಾಸಿಗೆ ಹಿಡಿದ ಅತ್ತೆ. ಗಂಡ, ಮೈದುನ, ನಾದಿನಿ, ಎಲ್ಲರ ಬಾಯಲ್ಲೂ ಒಂದೇ ಮಂತ್ರ: ನೀನಿದ್ದೀಯಲ್ಲ. ನಾದಿನಿಯಂತೂ ಅಪರೂಪಕ್ಕೆ ಬಂದು, ತಾಯಿಯ ಕೈ ಹಿಡಿದು ಗೊಳೋ ಎಂದು ಅತ್ತು, ಮುಖ ತೊಳೆದು, ಕಾಫಿ ಕುಡಿದು ಹೊರಡುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಇವಳು ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯೊಂದನ್ನು ಸೇರಿದಳು.

"ಅಲ್ಲಿಗೆ ಹೋಗಿ ಎತ್ತೋದೂ ಅದೇ ಬೆಡ್‌ಪ್ಯಾನ್ ತಾನೇ?" ಎಂದಿದ್ದ ಗಂಡ.

"ಹೌದು. ಆದ್ರೆ ಅದನ್ನ ನಾನಾಗಿ ಎತ್ತೋದು."

ಬಂದ ಹೊಸದರಲ್ಲಿ ಎಲ್ಲವೂ ಕಷ್ಟವೇ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ದಿನವಿಡೀ ಸುತ್ತಿಗೆಯ ಸದ್ದು. ನಲ್ಲಿಯಲ್ಲಿ ನೀರು ಮನಸ್ಸು ಬಂದಾಗ ಬರುತ್ತಿತ್ತು. ಇವಳು ಬಾಯಿ ಬಿಟ್ಟರೆ ತರಕಾರಿಯವಳು ಮುಖಕ್ಕೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಐವತ್ತು ದಾಟಿದ ಮೇಲೆ ಮಗುವಿನ ಹಾಗೆ "ಇದು ಬೇಕು, ಅದು ಬೇಡ" ಎಂದು ಮಾತು ಕಲಿಯುವುದೆಂದರೆ ಏನು ಸುಮ್ಮನೆಯೇ? ಆದರೂ ಕಲಿತಳು. ಬಸ್ಸಿನಲ್ಲಿ ಜಗಳವಾಡುವಷ್ಟು ಭಾಷೆ ಬಂದ ದಿನ, ಇನ್ನು ಬದುಕಿಕೊಂಡೆ ಎನ್ನಿಸಿತು.

ಒಗ್ಗಿಕೊಳ್ಳಲಾಗದೆ ಉಳಿದದ್ದು ವಾರ್ಡಿನ ಪದ್ಧತಿ ಮಾತ್ರ. ಅಲ್ಲಿ ಸಿಸ್ಟರುಗಳದು ಔಷಧಿ, ಇಂಜೆಕ್ಷನ್, ಗಾಯಕ್ಕೆ ಪಟ್ಟಿ, ಅಷ್ಟೇ. ರೋಗಿಯ ಮೈ ತೊಳೆಯುವುದು, ತಲೆ ಬಾಚುವುದು, ತುತ್ತು ತಿನ್ನಿಸುವುದು ಎಲ್ಲ ಮನೆಯವರ ಪಾಲು. ಮಧ್ಯಾಹ್ನ ಗೇಟು ತೆರೆದರೆ ಸಾಕು, ಬಕೆಟ್ಟು, ಬಟ್ಟೆಗಂಟು, ಊಟದ ಡಬ್ಬಿ ಹಿಡಿದ ದಂಡು ನುಗ್ಗಿ ವಾರ್ಡು ಸಂತೆಯಾಗುತ್ತಿತ್ತು. ಒಬ್ಬರು ನೆಲ ತೋಯಿಸಿದರೆ ಇನ್ನೊಬ್ಬರು ಅದರಲ್ಲಿ ಜಾರುತ್ತಿದ್ದರು. ಇದನ್ನು ನೋಡಿ ಅವಳ ಕೈ ಸುಮ್ಮನಿರಲಿಲ್ಲ. ಬೆಳಗ್ಗೆ ಬೇಗ ಬಂದು ತಾನೇ ಒಬ್ಬೊಬ್ಬರ ಮೈ ಒರೆಸತೊಡಗಿದಳು. ವಾರ್ಡು ಫಳಫಳ ಹೊಳೆಯಿತು. ಎಲ್ಲರೂ ಹೊಗಳಿದರು. ಆಮೇಲೆ ಒಬ್ಬೊಬ್ಬರೇ ನೆಂಟರು ಬರುವುದನ್ನು ನಿಲ್ಲಿಸಿದರು.

ಕಿಟಕಿ ಪಕ್ಕದ ಅಜ್ಜಿಯ ಮಗಳೂ ನಿಲ್ಲಿಸಿದಳು. ಅಜ್ಜಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿತ್ತು, ನಾಲಿಗೆಯೂ ಅರ್ಧ ತೊದಲು. ಹಿಂದಿನ ಬೀದಿಯ ಲಾಂಡ್ರಿಯಲ್ಲಿ ದುಡಿಯುವ ಮಗಳು ಮೊದಲು ದಿನಾ ಊಟದ ಬಿಡುವಿನಲ್ಲಿ ಓಡಿ ಬರುತ್ತಿದ್ದವಳು, ಈಗ ಇತ್ತ ತಲೆ ಹಾಕುತ್ತಿರಲಿಲ್ಲ. ಅಜ್ಜಿ ತೊಳೆದಿಟ್ಟ ಬೆಳ್ಳಿ ಲೋಟದ ಹಾಗಿದ್ದಳು, ಆದರೆ ಗೇಟಿನ ಸದ್ದಿಗೆ ಕತ್ತು ತಿರುಗಿಸಿ ಬಾಗಿಲು ನೋಡುತ್ತಿದ್ದಳು. ಯಾರೂ ಬರದಿದ್ದರೆ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಈಚೆಗೆ ಚಮಚ ಹಿಡಿದರೆ ತುಟಿಯನ್ನೇ ಬಿಚ್ಚುತ್ತಿರಲಿಲ್ಲ. ಹೀಗೇ ಆದರೆ ಅಜ್ಜಿ ಉಳಿಯುವುದಿಲ್ಲವೆಂದು ನರ್ಸಾಗಿದ್ದ ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮೇಲಾಗಿ ಇನ್ನೆರಡು ತಿಂಗಳಿಗೆ ಅವಳ ಅವಧಿ ಮುಗಿದು ಊರಿಗೆ ವಾಪಸ್ಸು. ಆಮೇಲೆ?

"ಆ ಸಾಲು ನಾನು ಮಾಡಲ್ಲ," ಎಂದಳು ಅವಳು, ವಾರ್ಡಿನ ಬಾಗಿಲಲ್ಲೇ ನಿಂತು.

ದೊಡ್ಡ ಸಿಸ್ಟರ್ ಮುಖದ ನಗು ಇಳಿಯಿತು. "ಯಾಕೆ? ಸೇವೆ ಮಾಡೋಕೆ ಅಂತಾನೇ ಬಂದೋರು ತಾನೇ ನೀವು?"

"ಸೇವೆ ಮಾಡೋಕೆ ಬಂದೆ. ಇವರ ಮಕ್ಕಳಿಗೆಲ್ಲ ರಜ ಕೊಡೋಕಲ್ಲ."

"ರಜ ಕೊಟ್ಟೋರು ಯಾರು? ನಾವಂತೂ ಅಲ್ಲಪ್ಪ," ಎಂದು ದೊಡ್ಡ ಸಿಸ್ಟರ್ ಔಷಧಿ ಟ್ರಾಲಿ ತಳ್ಳಿಕೊಂಡು ಹೋದಳು.

ಆ ಮಾತು ಚುಚ್ಚಿತು. ಮಧ್ಯಾಹ್ನ ಗೇಟು ತೆರೆಯುವ ಹೊತ್ತಿಗೆ ಅವಳು ಏಪ್ರನ್ ಬಿಚ್ಚಿ ಬಿಸಾಕಿ ಲಾಂಡ್ರಿಯ ಕಡೆ ಹೊರಟಳು. ದಾರಿಯಲ್ಲೇ ಗಂಡನ ಫೋನು.

"ಲೇ, ಅಕ್ಕಿ ಡಬ್ಬಕ್ಕೆ ಹುಳ ಬಿದ್ದಿದೆ. ಏನ್ ಮಾಡ್ಲಿ?"

"ಮಣೆ ಹಾಕಿ ಕೂರಿಸಿ, ಮಾತಾಡಿಸಿ."

"ತಮಾಷೆ ಬೇಡ ಕಣೇ. ಅಕ್ಕಂಗೆ ಬಂದು ನೋಡು ಅಂತ ಹೇಳಿದ್ರೆ ಅವಳಿಗೆ ಮೊಣಕಾಲು ನೋವಂತೆ. ಇನ್ನೆರಡು ತಿಂಗಳಿಗೆ ನೀನೇ ಬರ್ತೀಯಲ್ಲ, ಹಾಗೇ ಇಟ್ಟಿರ್ಲಾ?"

"ರೀ, ಅಕ್ಕೀನ ಬಿಸಿಲಿಗೆ ಹಾಕಿ. ಜೊತೆಗೆ ನೀವೂ ಹೋಗಿ ಸ್ವಲ್ಪ ಕೂತ್ಕೊಳ್ಳಿ," ಎಂದು ಫೋನ್ ಆರಿಸಿದಳು. ನಡೆಯುತ್ತಿದ್ದ ಕಾಲಿಗೆ ಇನ್ನಷ್ಟು ವೇಗ ಬಂತು.

ಲಾಂಡ್ರಿಯ ಒಳಗೆ ಹಬೆ. ಸಾಲಾಗಿ ತಿರುಗುವ ಯಂತ್ರಗಳು, ಗುಡ್ಡೆ ಬಿದ್ದ ಹೋಟೆಲಿನ ಹೊದಿಕೆಗಳು. ಅಜ್ಜಿಯ ಮಗಳು ಒದ್ದೆ ಹೊದಿಕೆಯ ಒಂದು ತುದಿ ಹಿಡಿದು ಹಿಂಡುತ್ತಿದ್ದಳು. ನಲವತ್ತರ ಹೆಂಗಸು, ಬಿಸಿನೀರಿಗೆ ಬೆಂದು ಕೈಯೆಲ್ಲ ಕೆಂಪು. ಇವಳನ್ನು ಕಂಡದ್ದೇ ಮುಖ ಗಂಟಾಯಿತು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅವಳು ಆ ಪರಭಾಷೆಯಲ್ಲಿ ಕಲ್ಲು ಬೀರಿದ ಹಾಗೆ ಬೀರಿದಳು. "ನಿನ್ನ ತಾಯಿ ಊಟ ಬಿಟ್ಟಿದಾಳೆ. ನೀನು ಬರ್ತಿಲ್ಲ. ಕರುಳು ಅನ್ನೋದು ಇದ್ಯಾ ನಿನಗೆ?"

ಮಗಳು ಹೊದಿಕೆಯನ್ನು ನೀರಿಗೆ ಎಸೆದಳು. "ನನ್ನ ಕರುಳಿನ ಮಾತು ಕೇಳೋಕೆ ನೀವ್ಯಾರು? ನಾನು ಬರ್ತಿದ್ದೆ. ದಿನಾ ಬರ್ತಿದ್ದೆ. ಆವತ್ತು ಎಲ್ಲರ ಮುಂದೆ ನನ್ನ ಕೈಯಿಂದ ಮಗ್ಗು ಕಿತ್ಕೊಂಡೋರು ಯಾರು?"

"ನಾನು..."

"'ಸರಿ ಆ ಕಡೆ' ಅಂದ್ರಿ. ಕಂಕುಳಲ್ಲಿ ಸೋಪು ಉಳೀತಂತೆ, ಬೆನ್ನು ಒರೆಸಿಲ್ವಂತೆ. ಪಕ್ಕದ ಹಾಸಿಗೆಯವರನ್ನೆಲ್ಲ ಕರೆದು 'ಹೀಗೆ ತೊಳೀಬೇಕು ನೋಡಿ' ಅಂತ ನಮ್ಮಮ್ಮನ ಮೈಮೇಲೆ ಪಾಠ ಮಾಡಿದ್ರಿ. ಬೆಳಗಿಂದ ಸಂಜೆ ತನಕ ಊರವರ ಕೊಳೆ ತೊಳೆಯೋಳು ನಾನು. ನಮ್ಮಮ್ಮನ್ನ ತೊಳೆಯೋಕೆ ನನಗೆ ಬರಲ್ವಾ? ಮಾರನೇ ದಿನ ಬಂದೆ. ನೀವಾಗ್ಲೇ ತೊಳೆದು ಮಡಿಚಿಟ್ಟಿದ್ರಿ. ಅದರ ಮಾರನೇ ದಿನಾನೂ ಹಾಗೇ. ಇನ್ನು ನಾನು ಬಂದು ಮಾಡೋದೇನು, ನೆಂಟರ ಹಾಗೆ ಕೂರೋದಾ?"

ಯಂತ್ರಗಳು ಗಡಗಡ ಎನ್ನುತ್ತಿದ್ದವು. ಹೊಸದರಲ್ಲಿ, ಭಾಷೆ ಅರೆಬರೆ ಇದ್ದಾಗ, "ಸರಿ ಆ ಕಡೆ" ಎನ್ನುವುದನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಳು! ಊರಿನಲ್ಲಿ, ಅತ್ತೆಯ ಕೋಣೆಯಲ್ಲಿ, ಒಮ್ಮೆ ನಾದಿನಿ ಬಟ್ಟಲು ಹಿಡಿದು ಬಂದಾಗಲೂ ಇದೇ ಮಾತು ಆಡಿದ್ದಿರಬಹುದು. ಆಡಿರಲಿಲ್ಲ ಎಂದು ಆಣೆಯಿಟ್ಟು ಹೇಳುವ ಧೈರ್ಯ ಬರಲಿಲ್ಲ. ನಾದಿನಿಯ ಮೇಲಿನ ಕೋಪ ಮಾತ್ರ ಅದರಿಂದ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಈಗ ಅದರ ಪಕ್ಕಕ್ಕೆ ತನ್ನ ಮೇಲಿನದೂ ಒಂದು ಬಂದು ಕೂತಿತು.

"ತಪ್ಪಾಯ್ತು," ಎಂದಳು.

"ಏನಂದ್ರಿ?"

"ತಪ್ಪಾಯ್ತು ಅಂದೆನಲ್ಲ! ಕಿವಿ ಕೇಳಲ್ವಾ? ನಾಳೆ ನಾನು ನಿಮ್ಮಮ್ಮನ್ನ ಮುಟ್ಟಲ್ಲ. ನೀನು ಬಾ."

ಮಗಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ತಪ್ಪೊಪ್ಪಿಕೊಳ್ಳೋ ಚಂದ ನೋಡು, ಹೊಡೆಯೋಕೆ ಬಂದ ಹಾಗಿದೆ," ಎಂದು ಹೊದಿಕೆಯನ್ನು ಮತ್ತೆ ಎತ್ತಿಕೊಂಡಳು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮರುದಿನ ಬೆಳಗ್ಗೆ ಅವಳು ವಾರ್ಡಿಗೆ ಬಂದು, ಅಜ್ಜಿಯ ಹಾಸಿಗೆಯ ಬಳಿ ಹೋಗಿ, ಒದ್ದೆಯಾದ ಬಟ್ಟೆಯನ್ನಷ್ಟೇ ಬದಲಿಸಿ, ಬೆನ್ನು ತಿರುಗಿಸಿ ಬಂದುಬಿಟ್ಟಳು. ಕೈ ತುರಿಸುತ್ತಿತ್ತು. "ಆ ಮುದುಕಿ ಹಾಗೇ ಮಲಗಿದೆಯಲ್ಲ," ಎಂದಳು ದೊಡ್ಡ ಸಿಸ್ಟರ್. "ಮಲಗಿರಲಿ," ಎಂದಳು ಇವಳು.

ಗೇಟು ತೆರೆಯಿತು. ದಂಡು ನುಗ್ಗಿತು, ಚದುರಿತು. ಅಜ್ಜಿ ಕತ್ತು ತಿರುಗಿಸಿ ನೋಡಿ ನೋಡಿ, ಗೋಡೆಯ ಕಡೆ ಹೊರಳುವಷ್ಟರಲ್ಲಿ ಮಗಳು ಬುಸುಗುಡುತ್ತಾ ಬಂದಳು. ಯಾರ ಮುಖವನ್ನೂ ನೋಡದೆ ಡಬ್ಬಿ ಬಿಚ್ಚಿ, ಕಲಸಿದ ತುತ್ತನ್ನು ಕೈಯಲ್ಲೇ ತಾಯಿಯ ಬಾಯಿಗೆ ಹಿಡಿದಳು.

ಅಜ್ಜಿ ತೊದಲುತ್ತಾ ಬೈದಳು. ಬೈಗುಳ ಎಂದು ಯಾವ ಭಾಷೆಯವರಿಗೂ ಗೊತ್ತಾಗುವಂತಿತ್ತು.

"ಸಾಕು, ಆಮೇಲೆ ಬೈಯುವಿಯಂತೆ. ಬಾಯಿ ತೆಗಿ," ಎಂದಳು ಮಗಳು.

ಬಾಯಿ ತೆರೆಯಿತು. ತುತ್ತು ಒಳಗೆ ಹೋಯಿತು. ಬಾಗಿಲ ಬಳಿ ನಿಂತಿದ್ದ ಅವಳಿಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಯುರಿ. ಎಷ್ಟು ದಿನ ಚಮಚ ಹಿಡಿದು ಗೋಗರೆದಿದ್ದಳು! ಇದು ಸಾಲದೆಂಬಂತೆ ಮಗಳು ಉಣ್ಣಿಸಿದ ಮೇಲೆ ಮೈ ತೊಳೆಯಲು ಕೂತಳು. ತುಂಬಿದ ಹೊಟ್ಟೆಯ ಮೇಲೆ ಸ್ನಾನ! ನೀರು ಹಾಸಿಗೆಗೆಲ್ಲ ಹರಿಯಿತು. ಕಿವಿಯ ಹಿಂದೆ ನೊರೆ ಹಾಗೇ ಉಳಿಯಿತು.

"ಹೋಗಿ ಸರಿ ಮಾಡಬಾರದಾ?" ಎಂದಳು ದೊಡ್ಡ ಸಿಸ್ಟರ್.

"ಹೋಗಲ್ಲ," ಎಂದು ಕೈ ಕಟ್ಟಿಕೊಂಡಳು. ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು.

ಮಗಳು ತಾಯಿಯನ್ನು ಮಗ್ಗುಲಿಗೆ ಹೊರಳಿಸಲು ಎರಡು ಸಲ ನೋಡಿ ಸೋತಳು. ಸೋತ ಎಡಗೈ ಮೈಯಡಿ ಸಿಕ್ಕಿಕೊಂಡು ಅಜ್ಜಿ ನರಳಿದಳು. ಆಗ ಮಗಳು ತಿರುಗದೆಯೇ ಕೂಗಿದಳು. "ಅಲ್ಲೇ ನಿಂತು ಏನು ನೋಡ್ತೀರಿ? ಬಂದು ಭುಜ ಹಿಡ್ಕೊಳ್ಳಿ. ಕೈ ಸಾಕು, ಬಾಯಿ ಬೇಡ."

ಅವಳು ಹೋದಳು. ಅಜ್ಜಿಯ ಭುಜಕ್ಕೆ ಅಂಗೈ ಕೊಟ್ಟು ಹಿಡಿದಳು. ಬೆನ್ನನ್ನು ಮೇಲಿಂದ ಕೆಳಕ್ಕೆ ಒರೆಸಬೇಕು. ಮಗಳು ಕೆಳಗಿಂದ ಮೇಲಕ್ಕೆ ಒರೆಸುತ್ತಿದ್ದಳು. ಅವಳು ಕಿಟಕಿಯಾಚೆ ನೋಡುತ್ತಾ, ಉಸಿರು ಬಿಗಿಹಿಡಿದು, ಭುಜ ಬಿಡದೆ ನಿಂತಳು.