ಅಳಿಯ ತಂದ ಹವಳ

ಬಾಟಲಿ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಭೂತಗನ್ನಡಿ ಎಂದು. ಹೆಸರಿಟ್ಟ ಪುಣ್ಯಾತ್ಮ ಸರಿಯಾಗಿಯೇ ಇಟ್ಟಿದ್ದ. ಬೆಳಕಿನ ಪೆಟ್ಟಿಗೆಯ ಮುಂದೆ ಕೂತು, ಸಾಲಾಗಿ ಬರುವ ಗಾಜಿನ ಬಾಟಲಿಗಳಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೂ ಎತ್ತಿ ಪಕ್ಕಕ್ಕೆ ಬಿಸಾಡುವುದು ಅವರ ಕೆಲಸ. ಜೀವಮಾನವೆಲ್ಲ ಅದನ್ನೇ ಮಾಡಿದ ಮನುಷ್ಯ ನಿವೃತ್ತಿಯಾದ ಮಾತ್ರಕ್ಕೆ ಬದಲಾಗುತ್ತಾನೆಯೇ? ತರಕಾರಿಯವನಂತೂ ಇವರು ಬರುವುದು ಕಂಡರೆ ಬುಟ್ಟಿಯ ಮೇಲೆ ಗೋಣಿ ಎಳೆಯುತ್ತಿದ್ದ.

ಅವರ ಮನೆಯ ನಡುಕೋಣೆಯಲ್ಲಿ ಗೋಡೆಗೆ ಒತ್ತಿ ಉದ್ದನೆಯ ಗಾಜಿನ ತೊಟ್ಟಿಯೊಂದಿತ್ತು. ಉಪ್ಪುನೀರು, ಕಲ್ಲು, ಒಂದೆರಡು ಮೀನು, ಉಳಿದದ್ದೆಲ್ಲ ಹವಳ. ಆಭರಣದ ಹವಳವಲ್ಲ, ಜೀವ ಇರುವಂಥದ್ದು, ಗಿಡದ ಹಾಗೆ ಕೊಂಬೆ ಒಡೆದು ಬೆಳೆಯುವಂಥದ್ದು. ನಟ್ಟನಡುವಿನ ನೀಲಿ ಪೊದೆ ಹೆಂಡತಿಯದು. ಆಕೆ ಹೆಬ್ಬೆರಳಿನಷ್ಟು ತುಂಡು ತಂದು ಕಲ್ಲಿಗೆ ಅಂಟಿಸಿದ್ದಳು. ಆಕೆ ತೀರಿಕೊಂಡ ಮೇಲೂ ಅದು ಬೆಳೆಯುವುದನ್ನು ಬಿಡಲಿಲ್ಲ, ಎರಡು ಕೈಯಲ್ಲಿ ತಬ್ಬುವಷ್ಟಾಯಿತು. ಒಬ್ಬಳೇ ಮಗಳು ಅದನ್ನು ಅಮ್ಮನ ನೀಲಿ ಎನ್ನುತ್ತಿದ್ದಳು.

ಆ ತೊಟ್ಟಿಗೆ ಹೊಸದೇನೂ ನೇರವಾಗಿ ಇಳಿಯುವಂತಿರಲಿಲ್ಲ. ಮೊದಲು ಔಷಧದ ನೀರಿನಲ್ಲಿ ಮುಳುಗಿ ಏಳಬೇಕು, ಆಮೇಲೆ ಬಚ್ಚಲ ಮೂಲೆಯ ಬಿಳಿ ಬಕೆಟ್ಟಿನಲ್ಲಿ ತಿಂಗಳುಗಟ್ಟಲೆ ಒಂಟಿಯಾಗಿ ಬಿದ್ದಿರಬೇಕು. ಹವಳದ ಜೊತೆ ಹುಳು ಅಂಟಿಕೊಂಡು ಬರುತ್ತದೆ, ಒಂದೇ ಒಂದು ಒಳಗೆ ಹೊಕ್ಕರೂ ಇಡೀ ತೊಟ್ಟಿಯ ಕಥೆ ಮುಗಿದಂತೆ. ಇಷ್ಟರ ಮಟ್ಟಿಗೆ ಅವರದೇನೂ ತಪ್ಪಿಲ್ಲ ಬಿಡಿ. ಆದರೆ ಮಗಳು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಾಗಲೂ ಮಹಾನುಭಾವರು ಅದೇ ರಾಗ ಎಳೆದರು. “ಸ್ವಲ್ಪ ದಿನ ನೋಡೋಣ. ದೂರದಿಂದಲೇ ನೋಡೋಣ.” ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಹುಡುಗ ಬಂದಾಗಲೆಲ್ಲ ಬಾಗಿಲ ಪಕ್ಕದ ಕುರ್ಚಿ, ಒಂದು ಲೋಟ ನೀರು, ನಾಲ್ಕು ಅಡ್ಡಪ್ರಶ್ನೆ. ಒಂದು ದಿನ ಮಗಳ ತಾಳ್ಮೆಯ ಕಟ್ಟೆಯೊಡೆಯಿತು.

“ಅವನೇನು ಹವಳಾನಾ ಅಪ್ಪಾ, ಬಕೆಟ್ಟಲ್ಲಿಟ್ಟು ನೋಡೋಕೆ?”

ಅವರಿಬ್ಬರೂ ಇವರನ್ನು ಕರೆಯದೆಯೇ ಮದುವೆಯಾದರು. ಆಮೇಲೆ ವರ್ಷಗಳ ಕಾಲ ಮಗಳ ದನಿ ಈ ಮನೆಯಲ್ಲಿ ಕೇಳಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಪಂಪಿನ ಗುಯ್ ಎನ್ನುವ ಸದ್ದೊಂದೇ ಅವರ ಜೊತೆಗಾರ.

ಹೋದ ಬೇಸಿಗೆಯಲ್ಲಿ, ಹೇಳದೆ ಕೇಳದೆ, ಇಬ್ಬರೂ ಬಾಗಿಲಲ್ಲಿ ಬಂದು ನಿಂತರು. ಅಳಿಯನ ಕೈಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅಂಗೈಯಗಲದ ಹಸಿರು ಹವಳ. ಮಗಳಿಗಿದ್ದ ಹವಳದ ಹುಚ್ಚು ಅವನಿಗೂ ಹತ್ತಿ ಮನೆಯಲ್ಲಿ ತೊಟ್ಟಿ ಇಟ್ಟಿದ್ದನಂತೆ.

“ನಾನೇ ಬೆಳೆಸಿದ್ದು ಮಾವ. ನಮ್ಮ ಪೊದೆಯಿಂದ ನಿಮಗೆ ಅಂತ ಕತ್ತರಿಸಿ ತಂದೆ,” ಎಂದ.

ಚೀಲ ತೆಗೆದುಕೊಂಡ ಭೂತಗನ್ನಡಿಯವರ ಕಾಲು ತನ್ನಷ್ಟಕ್ಕೆ ಬಚ್ಚಲ ಕಡೆ ತಿರುಗಿತು. ಮಗಳು ಅದನ್ನು ನೋಡಿಬಿಟ್ಟಳು. ಅರಳಿದ್ದ ಮುಖ ಸಪ್ಪಗಾಯಿತು, ಅಷ್ಟೇ. ಅವರು ತಿರುಗಿದ ಕಾಲನ್ನು ಅಲ್ಲಿಂದಲೇ ಹಿಂದಕ್ಕೆ ತಂದು, ತೋಳು ಮಡಚಿ, ಔಷಧ ಇಲ್ಲ, ಬಕೆಟ್ಟು ಇಲ್ಲ, ಆ ಹಸಿರನ್ನು ನೇರವಾಗಿ ತೊಟ್ಟಿಗೆ ಇಳಿಸಿ ನೀಲಿಯ ಪಕ್ಕದಲ್ಲೇ ಕೂರಿಸಿದರು. “ಚೆನ್ನಾಗಿ ಬೆಳೆಸಿದ್ದೀರಿ,” ಎಂದೂ ಹೇಳಿದರು. ಮಗಳು ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ಎಲ್ಲಿಟ್ಟೆ ಎಂದು ಗದರುತ್ತಾ ಎಲ್ಲರಿಗೂ ಟೀ ಮಾಡಿದಳು. ಅವತ್ತು ಅವರಿಗೆ ಹೊಟ್ಟೆ ತುಂಬ ಸಂತೋಷವಾಗಿತ್ತು. ಆ ಸಂತೋಷಕ್ಕೆ ಯಾರಾದರೂ ಅವರನ್ನು ಬೈದರೆ ನಾನಂತೂ ಒಪ್ಪುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ನೀಲಿಯ ಬುಡ ಮಾಸಿತು. ನೀರಿನ ದೋಷ ಎಂದುಕೊಂಡು ನೀರು ಬದಲಾಯಿಸಿದರು. ಬೆಳಕಿನ ದೋಷ ಎಂದು ದೀಪ ಮೇಲೆತ್ತಿದರು. ಬೇರೆಯವರ ಬಾಟಲಿಯಲ್ಲಿ ಗುಳ್ಳೆ ಹುಡುಕಿದವರಿಗೆ ತಮ್ಮ ತೊಟ್ಟಿಯ ದೋಷ ಒಪ್ಪಿಕೊಳ್ಳಲು ಇಷ್ಟವಿರಲಿಲ್ಲ. ಕೊಂಬೆಗಳ ಮೇಲೆ ದುಂಡಗಿನ ಬಿಳಿಚು ಕಲೆಗಳು ಕಂಡಾಗ ಮಾತ್ರ ಪಿಚಕಾರಿ ತೆಗೆದುಕೊಂಡು ರಭಸದಿಂದ ನೀರು ಹೊಡೆದರು. ಹವಳದ ಚರ್ಮವೇ ಕಿತ್ತುಬಂದಂತೆ ತೆಳ್ಳನೆಯ ಚೂರುಗಳು ಹಾರಿ, ನೀರಿನಲ್ಲಿ ಸುರುಳಿ ಸುತ್ತಿಕೊಂಡವು. ಚಪ್ಪಟೆ ಹುಳು! ಹವಳವನ್ನೇ ತಿಂದು ಹವಳದ್ದೇ ಬಣ್ಣ ಪಡೆದು, ಅದರ ಮೈಮೇಲೆ ಕಾಣದಂತೆ ಮಲಗುವ ದರಿದ್ರ ಪ್ರಾಣಿ.

ಮೊಟ್ಟೆ ಎಲ್ಲಿದೆ ಎಂದು ಹುಡುಕಿದರು. ಅಳಿಯ ತಂದ ಹಸಿರನ್ನು ಎತ್ತಿ ಮಗುಚಿದಾಗ ಅದರ ಅಡಿಯಲ್ಲಿ, ಕಾಫಿಪುಡಿ ಅಂಟಿಸಿದ ಹಾಗೆ, ಕಂದು ಮೊಟ್ಟೆಗಳ ದಟ್ಟ ಪದರ. ಕೆಲವು ಒಡೆದು ಖಾಲಿಯಾಗಿ ಎಷ್ಟೋ ಕಾಲವಾಗಿತ್ತು. ಆ ವರ್ಷ ತೊಟ್ಟಿಗೆ ಇಳಿದ ಹೊಸದು ಅದೊಂದೇ. ಭೂತಗನ್ನಡಿಯವರು ಸೋಫಾದ ಮೇಲೆ ಕುಸಿದು ಕೂತರು.

ಔಷಧದಲ್ಲಿ ಅದ್ದಿದರೆ ಹುಳು ಉದುರುತ್ತದೆ, ಮೊಟ್ಟೆಗೆ ಕೂದಲೂ ಕೊಂಕುವುದಿಲ್ಲ. ಅದನ್ನು ಸೂಜಿಯಿಂದ ಕೆರೆದೇ ತೆಗೆಯಬೇಕು. ಕೆರೆದರು. ಹಳೇ ಟೂತ್‌ಬ್ರಷ್ಷಿನಿಂದ ಉಜ್ಜಿದರು. ಪೊದೆಯ ಒಳಗೆ, ಕೊಂಬೆಗಳ ಸಂದಿಯಲ್ಲಿ, ಸೂಜಿಯೂ ಹೋಗದ ಕಡೆ ಉಳಿದದ್ದು ಮುಂದಿನ ವಾರ ಒಡೆದು ಮತ್ತೆ ಶುರು. ಉಪ್ಪುನೀರಿಗೆ ಬೆರಳುಗಳು ಬಿರಿದವು. ಅವರು ಕೆರೆದಂತೆ ನೀಲಿ ಬೆಳ್ಳಗಾಗುತ್ತಾ ಹೋಯಿತು, ಒಂದೊಂದೇ ಕೊಂಬೆ, ಬುಡದಿಂದ ತುದಿಗೆ. ಕೊನೆಗೆ ಕೈಚೆಲ್ಲಿ, ಇನ್ನೂ ಬಣ್ಣ ಉಳಿದಿದ್ದ ಒಂದೇ ತುದಿಯನ್ನು ಕತ್ತರಿಸಿ, ಕಲ್ಲಿನ ಬಿಲ್ಲೆಯೊಂದಕ್ಕೆ ಅಂಟಿಸಿ ಬಚ್ಚಲ ಬಕೆಟ್ಟಿನಲ್ಲಿ ಇಟ್ಟರು. ಅಷ್ಟು ಚಿಕ್ಕದರಲ್ಲಿ ಹುಳು ಅಡಗಲು ಜಾಗವಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದರು. ಚಳಿಗಾಲ ಕಳೆಯುವಷ್ಟರಲ್ಲಿ ಅದು ಪೂರ್ತಿ ಶುದ್ಧವಾಗಿ, ತುದಿಯಲ್ಲಿ ಹೊಸ ಮೊಗ್ಗು ಬಿಟ್ಟಿತು.

ಈ ನಡುವೆ ಮಗಳು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದಳು. “ಅಮ್ಮನ ನೀಲಿ ಹೇಗಿದೆ?” ಎಂದು ಕೇಳಿದರೆ “ಇದೆಯಮ್ಮಾ” ಎನ್ನುತ್ತಿದ್ದರು. ನಿಜ ಹೇಳಲೇಬೇಕಿತ್ತು. ಹಸಿರು ಬಂದದ್ದು ಮಗಳ ಮನೆಯ ತೊಟ್ಟಿಯಿಂದ, ಎಂದ ಮೇಲೆ ಹುಳು ಅಲ್ಲಿಯೂ ಇದ್ದೇ ಇದೆ. ಮೀನುಗಳ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದರು. “ನೋಡು ಪುಟ್ಟಾ, ನಿನ್ನ ಗಂಡ ತಂದದ್ದರಲ್ಲಿ...” ಅಲ್ಲಿಗೇ ನಾಲಿಗೆ ಕಟ್ಟುತ್ತಿತ್ತು. ಮುಂದಿನದನ್ನು ಹೇಗೆ ಹೇಳಿದರೂ, ನಾನು ಆವತ್ತೇ ಹೇಳಿರಲಿಲ್ಲವೇ ಎಂದ ಹಾಗೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಒಂದು ಭಾನುವಾರ ಅವರಿಬ್ಬರೂ ಬಂದೇಬಿಟ್ಟರು. ಮಗಳು ಚಪ್ಪಲಿ ಬಿಟ್ಟವಳೇ ತೊಟ್ಟಿಯ ಮುಂದೆ ನಿಂತಳು. ನೀಲಿಯ ಜಾಗದಲ್ಲಿ ಬಿಳಿ ಅಸ್ಥಿ, ಪಕ್ಕದ ಹಸಿರಿನ ಗತಿಯೂ ಅದೇ.

“ಏನಾಯ್ತಪ್ಪಾ?”

“ಹೀಟರ್ ಕೆಟ್ಟಿತ್ತು ಕಣಮ್ಮಾ. ನೀರು ಕಾದುಹೋಯ್ತು. ನನಗೆ ಗೊತ್ತೇ ಆಗಲಿಲ್ಲ.”

ಮಗಳ ಕಣ್ಣಲ್ಲಿ ನೀರು ಬಂತು. “ಊರವರ ತಪ್ಪೆಲ್ಲ ನಿಂಗೆ ಕಾಣತ್ತೆ. ಒಂದು ಹೀಟರ್ ನೋಡ್ಕೊಳ್ಳೋಕೆ ಆಗಲಿಲ್ವಾ? ಅದು ಅಮ್ಮಂದು ಅಪ್ಪಾ.”

ಅವರು ತಲೆ ತಗ್ಗಿಸಿ ನಿಂತರು. “ಬಿಡೇ, ಪಾಪ, ಅವರಿಗೇನು ಬೇಜಾರಿಲ್ವಾ?” ಎಂದು ಅಳಿಯ ಸಮಾಧಾನ ಹೇಳಿದ. ಅವನು ಒಳ್ಳೆಯವನು. ಅವರ ಸಂಕಟ ದುಪ್ಪಟ್ಟಾದದ್ದೇ ಅದಕ್ಕೆ. ಕೈ ತೊಳೆಯಲು ಬಚ್ಚಲಿಗೆ ಹೋದ ಅಳಿಯ ಅಲ್ಲಿಂದಲೇ ಕೂಗಿದ.

“ಏ, ಬಾ ಇಲ್ಲಿ! ಇದು ನೀಲೀದೇ ಅಲ್ವಾ?”

ಮಗಳು ಓಡಿದಳು. ಬಕೆಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಆಮೇಲೆ ಎದ್ದು ಬಂದು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ, ಅಪ್ಪನ ತೋಳಿಗೆ ಜೋತುಬಿದ್ದಳು. “ಉಳಿಸಿದ್ದೀಯ! ಕಳ್ಳ, ಮೊದಲೇ ಹೇಳಬಾರದಾ? ಬೈದೆನಲ್ಲಪ್ಪಾ ನಿನ್ನ. ಇದನ್ನ ನಮಗೆ ಕೊಡು. ನಿನ್ನ ದರಿದ್ರ ಹೀಟರ್ ಹತ್ತಿರ ಬೇಡ.”

ಈಗಲ್ಲದಿದ್ದರೆ ಇನ್ನಿಲ್ಲ ಎಂದು ಭೂತಗನ್ನಡಿಯವರಿಗೆ ಗೊತ್ತಿತ್ತು. ಅಳಿಯನ ಕಡೆ ತಿರುಗಿ ಕೇಳಿದರು. “ನಿಮ್ಮ ತೊಟ್ಟೀಲಿ ಎಲ್ಲಾ ಹೇಗಿವೆ?”

“ಚೆನ್ನಾಗಿವೆ ಮಾವ. ಹಸಿರಿನ ಬುಡ ಸ್ವಲ್ಪ ಮಾಸಿದೆ. ಬೆಳಕು ಜಾಸ್ತಿಯಾಗಿರಬೇಕು.”

“ಒಂದ್ಸಲ ಪಿಚಕಾರೀಲಿ ನೀರು ಹೊಡೆದು ನೋಡಿ. ಹುಳ ಗಿಳ ಏನಾದ್ರೂ...”

ತೋಳಿನ ಮೇಲಿದ್ದ ಮಗಳ ಹಿಡಿತ ಸಡಿಲವಾಯಿತು. “ಅವನ ತೊಟ್ಟೀಲಿ ಹುಳ ಇದೆ ಅಂತಾನಾ ಅಪ್ಪಾ?”

“ಅಯ್ಯೋ, ಇಲ್ಲಮ್ಮಾ. ಸುಮ್ಮನೆ ಎಲ್ಲರಿಗೂ ಹೇಳೋ ಮಾತು ಅದು.”

“ಮಾವ ಹೇಳೋದು ಸರಿ,” ಎಂದ ಅಳಿಯ. “ಬೇಕಾದ್ರೆ ಇದನ್ನೂ ಕೆಲವು ದಿನ ಬೇರೆ ಇಟ್ಟು, ಆಮೇಲೆ ತೊಟ್ಟಿಗೆ ಹಾಕ್ತೀನಿ.”

ಭೂತಗನ್ನಡಿಯವರಿಗೆ ಜೀವ ಬಂದಂತಾಯಿತು. ಹೌದು, ಹಾಗೇ ಮಾಡಿ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ನಕ್ಕುಬಿಟ್ಟಳು. “ಏನೂ ಬೇಡ. ನೀನು ತಂದದ್ದನ್ನ ಅಪ್ಪ ನನ್ನ ಮುಂದೇನೇ ನೇರವಾಗಿ ಇಳಿಸಲಿಲ್ವಾ? ಅಪ್ಪ ಕೊಟ್ಟದ್ದನ್ನ ನಾವು ಬೇರೆ ಇಡ್ತೀವಾ? ನೇರವಾಗಿ ಇಡೋದೇ.” ಮತ್ತೆ ತೋಳು ಹಿಡಿದುಕೊಂಡಳು, ಈ ಸಲ ಇನ್ನೂ ಬಿಗಿಯಾಗಿ.

ತೆರೆದ ಬಾಯಿ ಹಾಗೇ ಮುಚ್ಚಿತು. ಚೀಲಕ್ಕೆ ನೀರು ತುಂಬಿದವರು ಅವರೇ. ಹೊಸ ಮೊಗ್ಗು ಮುರಿಯದಂತೆ ಬಿಲ್ಲೆಯನ್ನು ಇಳಿಸಿ, ಗಾಳಿ ಬಿಟ್ಟು, ರಬ್ಬರ್ ಬ್ಯಾಂಡು ಸುತ್ತಿದವರೂ ಅವರೇ. ಕಾರಿನಲ್ಲಿ ಮಗಳು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತಿರುವಿನವರೆಗೂ ಕೈಬೀಸಿದಳು.

ಸಂಜೆ ಫೋಟೋ ಬಂತು. ಹಸಿರಿನ ದೊಡ್ಡ ಪೊದೆಯ ಪಕ್ಕದಲ್ಲೇ ಪುಟ್ಟ ನೀಲಿ. ಬೆರಳಿನಿಂದ ಹಿಗ್ಗಿಸಿ ನೋಡಿದರು. ಹಸಿರಿನ ಕೊಂಬೆಗಳ ತುಂಬ ದುಂಡಗಿನ ಬಿಳಿಚು ಕಲೆಗಳು. ಹಿಂದೆಯೇ ಫೋನು ರಿಂಗಾಯಿತು.

“ನೋಡಿದ್ಯಾ ಅಪ್ಪಾ? ಎಷ್ಟು ಚೆನ್ನಾಗಿ ಕೂತಿದೆ ಅಲ್ವಾ?”

“ಚೆನ್ನಾಗಿದೆ ಪುಟ್ಟಾ.”

“ಇನ್ಮೇಲೆ ದಿನಾ ಫೋನ್ ಮಾಡ್ತೀನಿ ನಿಂಗೆ. ನೀಲಿ ಹೇಗಿದೆ ಅಂತ ದಿನಾ ಹೇಳ್ತೀನಿ. ಆಯ್ತಾ?”

“ಹೂಂ,” ಎಂದರು ಅವರು. “ದಿನಾ ಮಾಡು ಮಗಳೇ.”