ಸಂತ ನೊತ್ಬುರ್ಗಾಳ ಒದ್ದೆ ಲಂಗ

ಸ್ಪೇನಿನ ರಾಜನ ಲೆಕ್ಕದಲ್ಲಿ ನಮ್ಮ ಚಿಲೋಯೆ ದ್ವೀಪಗಳು ಭೂಮಿಯ ಕೊನೆ. ಆ ಕಾಲದಲ್ಲಿ ಪಾದ್ರಿಗಳು ಮರದ ಸಂತರನ್ನು ಪೆಟ್ಟಿಗೆಗಳಲ್ಲಿಟ್ಟುಕೊಂಡು ವರ್ಷಕ್ಕೊಮ್ಮೆ ದೋಣಿಯಲ್ಲಿ ಬರುತ್ತಿದ್ದರು. ಕಾದಿದ್ದ ದೀಕ್ಷಾಸ್ನಾನ, ಮದುವೆಗಳನ್ನೆಲ್ಲ ಮುಗಿಸಿ ಮುಂದಿನ ದ್ವೀಪಕ್ಕೆ ಹೊರಟುಬಿಡುತ್ತಿದ್ದರು. ಮಿಕ್ಕ ದಿನಗಳಲ್ಲಿ ಇಗರ್ಜಿಯ ಕೆಲಸವೆಲ್ಲ ಊರಿನವನೇ ಆದ ಫಿಸ್ಕಾಲನದು.

ನಮ್ಮ ದ್ವೀಪದ ಫಿಸ್ಕಾಲ್ ಲೊರೆನ್ಸೊ ಗುಯೆಂಚುರ್. ಮದುವೆಯಾಗುವ ಗಂಡು ಹೆಣ್ಣು ಮೊದಲು ಅವನೆದುರು ನಿಂತು ಜಪ ಒಪ್ಪಿಸಬೇಕು. ಅವನು ತಲೆಯಾಡಿಸಿದ ಮೇಲಷ್ಟೇ ಅವರ ಹೆಸರು ಪಾದ್ರಿಗಳ ಕಿವಿಗೆ ಬೀಳುತ್ತಿತ್ತು. ಹುಬ್ಬು ಗಂಟಿಕ್ಕಿ ಕೂರುತ್ತಿದ್ದನಾದರೂ, ಯಾರಾದರೂ ನಡುವೆ ತಡವರಿಸಿದರೆ ಸದ್ದಿಲ್ಲದೆ ತುಟಿಯಾಡಿಸಿ ಮುಂದಿನ ಮಾತನ್ನು ತೋರಿಸಿಕೊಡುತ್ತಿದ್ದ. ಹಾಗಾಗಿ ನಮ್ಮಲ್ಲಿ ಯಾರೂ ಅವಿವಾಹಿತರಾಗಿ ಉಳಿದಿರಲಿಲ್ಲ.

ಒಂಟಿಯಾಗಿ ಉಳಿದಿದ್ದವನು ಅವನೇ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ವಿಧವೆ ಪಸ್ಕ್ವಾಲಾ ಎದುರಾದರೆ ಹವಾಮಾನದ ಮಾತು ತೆಗೆಯುತ್ತಿದ್ದ. ಚಿಲೋಯೆಯಲ್ಲಿ ಮಳೆ ಬಿಟ್ಟರೆ ಬೇರೆ ಹವಾಮಾನವಿಲ್ಲ. ಮಾತು ಬೇಗ ಮುಗಿಯುತ್ತಿತ್ತು. ಅವಳ ಆಲೂಗಡ್ಡೆ ಹೊಲದಲ್ಲಿ ಬೆಳಗಾಗುವುದರೊಳಗೆ ಯಾರೋ ಕಡಲಪಾಚಿಯ ಗೊಬ್ಬರ ಸುರಿದು ಹೋಗುತ್ತಿದ್ದರು. ಯಾರೆಂದು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವನು ಲೊರೆನ್ಸೊ ಮಾತ್ರ. ಗೆಳೆಯರು ಕೆಣಕಿದರೆ ಅವನ ಬಳಿ ಒಂದು ನೆಪ ಸಿದ್ಧವಿತ್ತು: ಗಂಡು ಫಿಸ್ಕಾಲನಿಗೆ ಜಪ ಒಪ್ಪಿಸಬೇಕು ಸರಿ, ಫಿಸ್ಕಾಲನೇ ಗಂಡಾದರೆ ಯಾರಿಗೆ ಒಪ್ಪಿಸುವುದು?

ಆ ವರ್ಷ ಪಸ್ಕ್ವಾಲಾಗೆ ಕಾದು ಸಾಕಾಯಿತು. ಪಕ್ಕದ ದ್ವೀಪದ ತಂಗಿ ಬಾ ಎಂದು ಕರೆದಿದ್ದಳು. ಬಂದಿದ್ದ ಪಾದ್ರಿಗಳ ದೋಣಿ ಹೊರಡುವ ದಿನ, ಅದರಲ್ಲೇ ಹೋಗುವುದೆಂದು ಬಿತ್ತನೆ ಗಡ್ಡೆಗಳನ್ನು ಬುಟ್ಟಿಗೆ ತುಂಬಿದಳು. ಬಿತ್ತನೆ ಗಡ್ಡೆ ಹೊತ್ತು ಹೊರಟವಳು ಮರಳಿ ಬರುವುದಿಲ್ಲ.

ಬುಟ್ಟಿಯನ್ನು ನೋಡಿದ ನೆರೆಯ ತೋಮಾಸಾ ನೇರ ಇಗರ್ಜಿಗೆ ಹೋದಳು. ಪಾದ್ರಿಗಳು ತರುವ ಮರದ ಸಂತರಲ್ಲೊಬ್ಬಳಾದ ಸಂತ ನೊತ್ಬುರ್ಗಾಳ ಲಂಗವನ್ನು ಒಗೆದು ಕೊಡುವುದು ಅವಳ ಪಾಲಿನ ಸೇವೆ. ಹಿಂದಿನ ದಿನವಷ್ಟೇ ಒಗೆದು ಮಡಿಸಿದ್ದ ಲಂಗವನ್ನು ಮತ್ತೆ ನೀರಿಗೆ ಹಾಕಿದಳು. ಒದ್ದೆ ಬಟ್ಟೆಯುಟ್ಟ ಸಂತರನ್ನು ಪೆಟ್ಟಿಗೆಯಲ್ಲಿಡುವಂತಿಲ್ಲ, ಮರಕ್ಕೆ ಬೂಸಲು ಹಿಡಿಯುತ್ತದೆ. ಸಂತರನ್ನು ಬಿಟ್ಟು ದೋಣಿ ಹೊರಡುವಂತಿಲ್ಲ. ಲಂಗವನ್ನು ಇಗರ್ಜಿಯ ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹರವಿ ಲೊರೆನ್ಸೊನನ್ನು ಹುಡುಕಿಕೊಂಡು ಹೋದಳು.

"ಲಂಗ ಒಣಗೋ ತನಕ ನಿಂಗೆ ಸಮಯ, ಫಿಸ್ಕಾಲಣ್ಣ. ಆಮೇಲೆ ಮಳೆ ವಿಚಾರ ಸಮುದ್ರದ ಹತ್ರ ಮಾತಾಡ್ಕೊ."

ಲೊರೆನ್ಸೊ ಟೋಪಿ ಸರಿಮಾಡಿಕೊಂಡು ಪಸ್ಕ್ವಾಲಾಳ ಮನೆಗೆ ಹೋದ. ಮಳೆ ಜೋರಾಗಬಹುದೆಂದು ಹೇಳಿ ವಾಪಸು ಬಂದ.

ಇನ್ನೊಂದು ಚೊಂಬು ನೀರು ಸುರಿಯಬೇಕಾದೀತೆಂದು ತೋಮಾಸಾ ಅಡುಗೆಮನೆಗೆ ಓಡಿದಳು. ಅಲ್ಲಿ ಪಾದ್ರಿ ಅನ್ಸೆಲ್ಮೊ ನಿಂತಿದ್ದರು. ಅವಳು ಬಾಗಿಲ ಮರೆಗೆ ಸರಿದಳು. ಮುದುಕರು ಲಂಗವನ್ನು ಮುಟ್ಟಿ ನೋಡಿದರು, ಬಹುಪಾಲು ಒಣಗಿತ್ತು. ಕಿಟಕಿಯಾಚೆ, ಮಳೆಯಲ್ಲಿ ಸುಮ್ಮನೆ ನಿಂತಿದ್ದ ಫಿಸ್ಕಾಲನನ್ನು ನೋಡಿದರು. ನಂತರ ಪಕ್ಕದ ಕೊಡದಲ್ಲಿ ಕೈ ಅದ್ದಿ, ತೀರ್ಥ ಚಿಮುಕಿಸುವ ಹಾಗೆಯೇ, ಲಂಗದ ಮೇಲೆ ಧಾರಾಳವಾಗಿ ನೀರು ಚಿಮುಕಿಸಿದರು. ಹೊರಗೆ ಹೋಗಿ, ಇಳಿತದ ನೀರು ತಪ್ಪುತ್ತದೆಂದು ಗೊಣಗುತ್ತಿದ್ದ ದೋಣಿಯವರಿಗೆ, ಇನ್ನೂ ಒದ್ದೆಯಪ್ಪಾ ಎಂದು ಬಹಳ ಬೇಸರದಿಂದ ಹೇಳಿದರು.

ಕಾದು ಬೇಸತ್ತ ಪಸ್ಕ್ವಾಲಾ ಬುಟ್ಟಿಯೊಡನೆ ತಾನೇ ಅಡುಗೆಮನೆಗೆ ಬಂದಳು. ಲಂಗವನ್ನು ಹಿಂಡಿದಳು. ತಲೆ ತಗ್ಗಿಸಿದ ತೋಮಾಸಾಳನ್ನೂ, ಮತ್ತೆ ಒಳಗೆ ಬಂದು ಕಿಟಕಿಯಿಂದ ಆಕಾಶ ನೋಡುತ್ತಿದ್ದ ಪಾದ್ರಿಗಳನ್ನೂ, ಬಾಗಿಲಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಲೊರೆನ್ಸೊನನ್ನೂ ಒಂದು ಸುತ್ತು ನೋಡಿದಳು. ಆಮೇಲೆ ಬುಟ್ಟಿ ಇಳಿಸಿ, ಒಲೆಯ ಪಕ್ಕ ಫಿಸ್ಕಾಲ್ ಜಪ ಕೇಳಲು ಕೂರುವ ಬೆಂಚಿನ ಮೇಲೆ ಕೂತಳು.

"ನಿಂತ್ಕೊ ಲೊರೆನ್ಸೊ. ಜಪ ಒಪ್ಸು."

"ಯಾರ ಮದುವೆಗೆ?"

"ಅದನ್ನ ಆಮೇಲೆ ನೀನೇ ಹೇಳುವಿಯಂತೆ. ಮೊದ್ಲು ಜಪ."

ಲೊರೆನ್ಸೊ ಟೋಪಿ ತೆಗೆದು ವಿಶ್ವಾಸಸಂಗ್ರಹದ ಜಪ ಶುರುಮಾಡಿದ. ಇಡೀ ದ್ವೀಪಕ್ಕೆ ಅದನ್ನು ಕಲಿಸಿದವನು ಅವನು. ಯೇಸುವನ್ನು ಶಿಲುಬೆಗೇರಿಸಿದ ಮಾತಿನವರೆಗೆ ಚೆನ್ನಾಗಿಯೇ ಬಂದ, ಅಲ್ಲಿ ನಿಂತುಬಿಟ್ಟ. ಮುಂದಿನ ಮಾತು ಬರಲೇ ಇಲ್ಲ. ಕಿಟಕಿಯಲ್ಲಿ ಕೂಡಿದ್ದ ಹೆಂಗಸರು ಶಾಲಿನ ಅಂಚು ಬಾಯಿಗಿಟ್ಟುಕೊಂಡರು.

ಪಸ್ಕ್ವಾಲಾ ಹುಬ್ಬು ಗಂಟಿಕ್ಕಿಕೊಂಡೇ ಇದ್ದಳು. ಆದರೆ ಅವಳ ತುಟಿಗಳು ಸದ್ದಿಲ್ಲದೆ ಆಡಿದವು. ಲೊರೆನ್ಸೊ ಅವುಗಳನ್ನೇ ನೋಡುತ್ತ, ಒಂದೊಂದೇ ಮಾತು ಹಿಡಿದು, ಆಮೆನ್‌ವರೆಗೂ ಬಂದು ಮುಟ್ಟಿದ.

ಅವಳು ತಲೆಯಾಡಿಸಿದಳು.

"ಆ ಗಡ್ಡೆ ಇಲ್ಲೇ ಬಿತ್ತೋಣ್ವಾ, ಪಸ್ಕ್ವಾಲಾ?" ಎಂದ.

"ಗೊಬ್ಬರ ಯಾರು ಹಾಕ್ತಾರೆ?"

"ನಾನೇ… ಇಷ್ಟು ದಿನ ಹಾಕಿದ್ದೂ ನಾನೇ."

"ಹೌದಾ," ಎಂದಳು ಪಸ್ಕ್ವಾಲಾ, ಈಗಷ್ಟೇ ತಿಳಿದವಳಂತೆ.

ವಾಡಿಕೆಯಂತೆ ಫಿಸ್ಕಾಲ್ ಪಾದ್ರಿಗಳತ್ತ ತಿರುಗಿ ಮದುವೆಯಾಗುವವರ ಹೆಸರು ಕೂಗಿದ. ಹೆಣ್ಣಿನ ಹೆಸರು ಕಡಲ ದಂಡೆಯವರೆಗೂ ಕೇಳಿಸಿತು. ಗಂಡಿನದು ಮುಂದೆ ನಿಂತಿದ್ದ ಪಾದ್ರಿಗಳಿಗೂ ಸರಿಯಾಗಿ ಕೇಳಿಸಲಿಲ್ಲ; ಆದರೂ ಅವರು ಇನ್ನೊಮ್ಮೆ ಹೇಳು ಎನ್ನಲಿಲ್ಲ.